ಇಷ್ಟಗಲದ ಪರದೆ, ನಡುವೆ ಒಂದು ಪಟ್ಟಿ ಬರಹ: ಎರಡೂ ಬದಿ ಯಾಕೆ ಖಾಲಿ ಬಿಡುತ್ತಾರೆ?

ಅಗಲಪರದೆ
ಹೋದ ವಾರ ಮಾನಿಟರ್ ಬದಲಿಸಿದೆ. 34 ಇಂಚು, 21:9, ಅಂದರೆ 3440×1440. ಮೇಜಿನ ಮೇಲೆ ಕೂರಿಸಿದಾಗ ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಖುಷಿಯಲ್ಲಿ ಬ್ರೌಸರ್ ತೆಗೆದು ಒಂದು ಲೇಖನ ಓದೋಣ ಅಂತ ಕೂತೆ. ನಡುವೆ ಒಂದು ರಿಬ್ಬನ್‌ನಷ್ಟು ಬರಹ, ಎಡಕ್ಕೂ ಬಲಕ್ಕೂ ಬಿಳಿ ಗೋಡೆ!

ಸ್ಕ್ರೀನ್‌ಶಾಟ್ ತೆಗೆದು ಅಳೆದೆ. ಬರಹ 720 ಪಿಕ್ಸೆಲ್. ಮಿಕ್ಕ 2720 ಪಿಕ್ಸೆಲ್ ಖಾಲಿ. ಐದರಲ್ಲಿ ನಾಲ್ಕು ಪಾಲು ಪರದೆ ಸುಮ್ನೆ ಬೆಳಕು ಕೊಡುತ್ತಾ ಕೂತಿದೆ. ಇತ್ತ ನಾನು ಕೆಳಕ್ಕೆ ಉರುಳಿಸಿ ಉರುಳಿಸಿ ಬೆರಳು ಸವೆಸುತ್ತಿದ್ದೇನೆ. ಅಗಲಕ್ಕೆ ಹರಡಿದ್ದರೆ ಇಡೀ ಲೇಖನ ಒಂದೇ ನೋಟಕ್ಕೆ ಸಿಗುತ್ತಿತ್ತು, ಅಲ್ವಾ? ಇದಕ್ಕೆ ಕಾರಣ ಇದೆಯಾ, ಅಥವಾ ಬರೀ ಸೋಮಾರಿತನವಾ?

ಸುಮ್ನೆಓದುಗ
ಜಾಹೀರಾತಿಗೆ ಬಿಟ್ಟ ಜಾಗ. ಮುಗೀತು.

ಅಗಲಪರದೆ
ಜಾಹೀರಾತೂ ಇಲ್ಲವಲ್ಲ ಅಲ್ಲಿ?

ಗೂಬೆಕಣ್ಣು
ಆಡ್‌ಬ್ಲಾಕರ್ ಹಾಕಿದ್ದೀರಾ?

ಅಗಲಪರದೆ
...ಹಾಕಿದ್ದೇನೆ. ಈಗ ತೆಗೆದು ನೋಡಿದೆ. ಬಲಕ್ಕೆ 300 ಪಿಕ್ಸೆಲ್‌ನ ಒಂದು ಪೆಟ್ಟಿಗೆ ಬಂತು, ಎಡಕ್ಕೆ ಉದ್ದಾನುದ್ದ ಒಂದು ಕಂಬ ಬಂತು. ಅದಾದ ಮೇಲೂ ಒಂದೊಂದು ಬದಿಗೆ ಸಾವಿರಕ್ಕಿಂತ ಜಾಸ್ತಿ ಪಿಕ್ಸೆಲ್ ಖಾಲಿಯೇ ಇದೆ. ಬ್ಲಾಕರ್ ವಾಪಸ್ ಹಾಕಿಕೊಂಡೆ.

ಸುಮ್ನೆಓದುಗ
ಅರ್ಧ ಸರಿ ಹೇಳಿದ್ದೆ ಅಂತಾಯಿತು.

ಸಾಲುಗಾರ
ಪುಟ ಕಟ್ಟುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಈ ಬೈಗುಳದಲ್ಲಿ ನನಗೂ ಪಾಲಿದೆ.

ಒಂದು ಲೆಕ್ಕ ಹಾಕಿ ನೋಡಿ. ಬ್ರೌಸರ್‌ನ ಮಾಮೂಲಿ ಅಕ್ಷರದ ಅಳತೆ 16 ಪಿಕ್ಸೆಲ್. ಇಂಗ್ಲಿಷ್ ಅಕ್ಷರದ ಅಗಲ ಸರಾಸರಿ ಅದರ ಅರ್ಧ, ಅಂದರೆ 8 ಅಂದುಕೊಳ್ಳಿ. ನಿಮ್ಮ 3440ರಲ್ಲಿ ಒಂದೇ ಸಾಲಿಗೆ 430 ಅಕ್ಷರ ಹಿಡಿಯುತ್ತವೆ. ಇಡೀ ಪ್ಯಾರಾ ಒಂದೂವರೆ ಸಾಲಿಗೆ ಮುಗಿದೇ ಹೋಗುತ್ತದೆ. ಪುಸ್ತಕ ಮಾಡುವವರು ಮೊದಲಿಂದಲೂ ಹೇಳುವ ಅಳತೆ ಸಾಲಿಗೆ 45ರಿಂದ 75 ಅಕ್ಷರ. 66ರ ಹತ್ತಿರ ಇದ್ದರೆ ಚೆನ್ನ ಅನ್ನುತ್ತಾರೆ. ನಿಮ್ಮ ಆ 720 ಪಿಕ್ಸೆಲ್‌ನಲ್ಲೇ 90 ಅಕ್ಷರ ಹಿಡಿಯುತ್ತವೆ, ಅಂದರೆ ಆ ಅಳತೆಗಿಂತ ಒಂಚೂರು ಜಾಸ್ತಿಯೇ ಕೊಟ್ಟಿದ್ದಾರೆ.

ಮೂಲ ಇರುವುದು ಕಣ್ಣಿನಲ್ಲಿ. ನಮಗೆ ನಿಚ್ಚಳವಾಗಿ ಕಾಣುವುದು 2 ಡಿಗ್ರಿಯಷ್ಟು ಜಾಗ ಮಾತ್ರ. ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ ನೋಡಿ. ಹೆಚ್ಚುಕಡಿಮೆ ಅದರ ಅಗಲ, ಅಷ್ಟೇ. ಮಿಕ್ಕದ್ದೆಲ್ಲ ಮಸುಕು. ಓದುವಾಗ ಕಣ್ಣು ಸರಾಗವಾಗಿ ಜಾರುವುದಿಲ್ಲ. ಏಳೆಂಟು ಅಕ್ಷರಕ್ಕೊಮ್ಮೆ ಕಪ್ಪೆಯ ಹಾಗೆ ನೆಗೆಯುತ್ತದೆ. ಸಾಲು ಮುಗಿದಾಗ ಎಡಕ್ಕೆ ಒಂದು ದೊಡ್ಡ ನೆಗೆತ. ಸಾಲು ಉದ್ದವಾದಷ್ಟೂ ಈ ದೊಡ್ಡ ನೆಗೆತ ಗುರಿ ತಪ್ಪುವುದು ಜಾಸ್ತಿ. ಓದಿದ ಸಾಲನ್ನೇ ಮತ್ತೆ ಓದುತ್ತೀರಿ, ಇಲ್ಲವೇ ಒಂದು ಸಾಲು ಹಾರಿಸಿಬಿಡುತ್ತೀರಿ.

ಸೋಮಾರಿತನ ಅಂದಿರಲ್ಲ, ಅಗಲಕ್ಕೆ ಹರಡುವುದೇ ಸೋಮಾರಿಗಳ ಕೆಲಸ! ಏನೂ ಬರೆಯದೆ ಬಿಟ್ಟರೆ ಬರಹ ತಾನಾಗಿ ಕಿಟಕಿಯ ತುಂಬ ಹರಡಿಕೊಳ್ಳುತ್ತದೆ. ಅದನ್ನು ತಡೆಯಲಿಕ್ಕೇ ಸಿಎಸ್‌ಎಸ್‌ನಲ್ಲಿ, ಅಂದರೆ ಪುಟದ ರೂಪ ಹೇಳುವ ಭಾಷೆಯಲ್ಲಿ, ಮ್ಯಾಕ್ಸ್-ವಿಡ್ತ್ ಅಂತ ಒಂದು ಸಾಲು, ನಡುವೆ ಕೂರಿಸಲಿಕ್ಕೆ ಮಾರ್ಜಿನ್ ಆಟೋ ಅಂತ ಇನ್ನೊಂದು ಸಾಲು ಬರೆಯುತ್ತೇವೆ.

ಕುತ್ತಿಗೆನೋವು
ಇದನ್ನು ನಂಬದೆ ಹೋದ ತಿಂಗಳು ಒಂದು ಪ್ರಯೋಗ ಮಾಡಿದೆ. ಎಫ್12 ಒತ್ತಿ, ಪುಟದ ಸಿಎಸ್‌ಎಸ್ ತೋರಿಸುವ ಬ್ರೌಸರ್‌ನ ಸಲಕರಣೆ ತೆರೆದು, ಒಂದು ಉದ್ದ ಲೇಖನದ ಮ್ಯಾಕ್ಸ್-ವಿಡ್ತ್ ಮೇಲಿನ ಟಿಕ್ ತೆಗೆದೆ. ಬರಹ ಅಂಚಿನಿಂದ ಅಂಚಿಗೆ ಹರಡಿತು. ಮೊದಲ ಎರಡು ನಿಮಿಷ ರಾಜನ ಹಾಗೆ ಓದಿದೆ. ಮೂರನೇ ಪ್ಯಾರಾದಲ್ಲಿ ಸಾಲು ತಪ್ಪಿತು. ಮೌಸ್ ಬಾಣವನ್ನು ಸಾಲಿನ ಶುರುವಿನಲ್ಲಿ ಇಟ್ಟುಕೊಂಡು ಓದಿದೆ. ಆಮೇಲೆ ಅದೂ ಸಾಲದೆ, ನಾಚಿಕೆ ಬಿಟ್ಟು, ಒಂದು ಸ್ಕೇಲನ್ನು ಪರದೆಗೆ ಅಡ್ಡ ಹಿಡಿದುಕೊಂಡೆ. ಹತ್ತು ನಿಮಿಷಕ್ಕೆ ತಲೆ ಟೆನಿಸ್ ನೋಡುವವರ ಹಾಗೆ ಆಚೆ ಈಚೆ ತಿರುಗುತ್ತಿತ್ತು. ನನ್ನ ಹೆಸರು ನೋಡಿ.

ಅಗಲಪರದೆ
😂 ಸ್ಕೇಲು!

ಗೂಬೆಕಣ್ಣು
@ಸಾಲುಗಾರ ಸ್ವಲ್ಪ ತಡೆಯಿರಿ. 45ರಿಂದ 75 ಅನ್ನುವುದು ಕಾಗದದ ಕಾಲದ ಅಭ್ಯಾಸ. ಪರದೆಯ ಮೇಲೆ ನಡೆದ ಪ್ರಯೋಗಗಳಲ್ಲಿ ಜನ 100 ಅಕ್ಷರದ ಸಾಲನ್ನು ಚಿಕ್ಕ ಸಾಲಿಗಿಂತ ಬೇಗ ಓದಿದ್ದೂ ಇದೆ. ಚಿಕ್ಕ ಸಾಲಾದರೆ ಹೆಜ್ಜೆಗೊಮ್ಮೆ ಎಡಕ್ಕೆ ನೆಗೆಯಬೇಕು, ಅದಕ್ಕೂ ಹೊತ್ತು ಬೇಕಲ್ಲ. ನಿಮ್ಮವರು 66 ಅನ್ನುವುದನ್ನು ಮಂತ್ರದ ಹಾಗೆ ಜಪಿಸುತ್ತೀರಿ.

ಸಾಲುಗಾರ
ಒಪ್ಪುತ್ತೇನೆ, ಮಂತ್ರವೇನಲ್ಲ. ಬೇಗ ಓದುವುದು ಬೇರೆ, ತಲೆಗೆ ಹೋಗುವುದು ಬೇರೆ, ಹಿತವಾಗಿರುವುದು ಬೇರೆ. ಅದೇ ಬಗೆಯ ಪ್ರಯೋಗಗಳಲ್ಲಿ ಯಾವುದು ಇಷ್ಟ ಅಂತ ಕೇಳಿದರೆ ಜನ ನಡುವಿನ ಅಳತೆಯ ಸಾಲನ್ನೇ ತೋರಿಸುತ್ತಾರೆ. ಇರಲಿ, 100 ಅಂತಲೇ ಇಟ್ಟುಕೊಳ್ಳೋಣ. ಅದು 800 ಪಿಕ್ಸೆಲ್. ಇವರ 3440ರಲ್ಲಿ ಇನ್ನೂ 2640 ಖಾಲಿ. ನಮ್ಮ ಜಗಳ 80 ಪಿಕ್ಸೆಲ್‌ಗೆ ಮಾತ್ರ.

ಗೂಬೆಕಣ್ಣು
ಸೋತೆ ಅಂತ ಹೇಳುವುದಿಲ್ಲ. ಆದರೆ ಲೆಕ್ಕ ಸರಿ ಇದೆ.

ಹಳೇಮೌಸ್
ಇದಕ್ಕೆ ಚರಿತ್ರೆಯೂ ಇದೆ. 1991ರಲ್ಲಿ ಸರ್ನ್‌ನಲ್ಲಿ ಟಿಮ್ ಬರ್ನರ್ಸ್-ಲೀ ಹಾಕಿದ ವೆಬ್‌ನ ಮೊದಲ ಪುಟಕ್ಕೆ ಅಗಲವೇ ಇರಲಿಲ್ಲ. ಕಿಟಕಿ ಎಷ್ಟೋ ಬರಹ ಅಷ್ಟು. ಈಗಲೂ ತೆರೆದು ನೋಡಿ, ನಿಮ್ಮ ಹೊಸ ಪರದೆಯ ಉದ್ದಕ್ಕೂ ಹರಡುತ್ತದೆ. ಆಗ ಅದು ತೊಂದರೆಯೇ ಆಗಿರಲಿಲ್ಲ. 640×480 ಪರದೆಯಲ್ಲಿ ತುಂಬ ಹರಡಿದರೂ ಸಾಲಿಗೆ 80 ಅಕ್ಷರ, ತಾನಾಗೇ ಅಳತೆಗೆ ಬರುತ್ತಿತ್ತು.

ಆಮೇಲೆ 800×600 ಬಂತು. ಉರುಳುಪಟ್ಟಿಗೆ ಜಾಗ ಬಿಟ್ಟು 760ಕ್ಕೆ ಪುಟ ಕಟ್ಟುತ್ತಿದ್ದೆವು. 1024×768 ಬಂದ ಮೇಲೆ 960. ಆ 960 ಸುಮ್ನೆ ಆರಿಸಿದ್ದಲ್ಲ. 2, 3, 4, 5, 6, 8, 10, 12, 15, 16 ಎಲ್ಲದರಿಂದಲೂ ಚೊಕ್ಕವಾಗಿ ಭಾಗವಾಗುತ್ತದೆ. ಇವುಗಳಲ್ಲಿ ಎಷ್ಟು ಕಾಲಮ್ ಬೇಕಾದರೂ ಮಾಡಿಕೊಳ್ಳಿ, ಅರ್ಧ ಪಿಕ್ಸೆಲ್ ಉಳಿಯುವುದಿಲ್ಲ. ನನ್ನ ಬಳಿ ಇನ್ನೂ ಒಂದು ನೋಟ್‌ಬುಕ್ ಇದೆ, ಪುಟ ಪುಟಕ್ಕೂ ಪೆನ್ಸಿಲ್‌ನಲ್ಲಿ 12 ಕಾಲಮ್ ಗೀಚಿದ್ದು.

2011ರಲ್ಲಿ ಬಂದ ಬೂಟ್‌ಸ್ಟ್ರ್ಯಾಪ್ ನೋಡಿ, ಪುಟ ಕಟ್ಟುವವರಿಗೆ ಸಿದ್ಧ ಸಿಎಸ್‌ಎಸ್ ಕಟ್ಟು ಅದು. ಅದರ 3ನೇ ಆವೃತ್ತಿಯಲ್ಲಿ ಪುಟವನ್ನು ಹಿಡಿದಿಡುವ ಡಬ್ಬದ ಅತಿ ಹೆಚ್ಚು ಅಗಲ 1170. 2021ರ 5ನೇ ಆವೃತ್ತಿಯಲ್ಲಿ 1320. ಪರದೆ ಮೂರು ಸಾವಿರ ದಾಟಿತು, ಡಬ್ಬ 1320ಕ್ಕೇ ನಿಂತಿತು. ಪರದೆಯ ಜೊತೆ ಕಣ್ಣು ಅಗಲ ಆಗಲಿಲ್ಲವಲ್ಲ.

ಸುಮ್ನೆಓದುಗ
ಮತ್ತೆ ಪರದೆ ಯಾಕೆ ಅಗಲ ಮಾಡಿದರು? ಓದುವುದಕ್ಕೆ 4:3 ಚೆನ್ನಾಗಿತ್ತು.

ಹಳೇಮೌಸ್
ಸಿನಿಮಾ ಸ್ವಾಮಿ, ಸಿನಿಮಾ. ಟಿವಿಗಳು 16:9 ಆದವು, ಮಾನಿಟರ್‌ಗಳೂ ಅದೇ ದಾರಿ ಹಿಡಿದವು. ಓದುವವರನ್ನು ಯಾರು ಕೇಳಿದರು?

ಅಗಲಪರದೆ
ಸರಿ, ಉದ್ದ ಸಾಲು ಬೇಡ. ಆದರೆ ದಿನಪತ್ರಿಕೆಯ ಹಾಗೆ ಪಕ್ಕ ಪಕ್ಕ ಕಾಲಮ್ ಮಾಡಬಹುದಲ್ಲ? ಬಿಡಿಸಿ ಹಿಡಿದ ಪತ್ರಿಕೆ ಹೆಚ್ಚುಕಡಿಮೆ ನನ್ನ ಪರದೆಯಷ್ಟೇ ಅಗಲ. ಅಲ್ಲಿ ಯಾರೂ ಎರಡೂ ಬದಿ ಖಾಲಿ ಬಿಡುವುದಿಲ್ಲ.

ಸಾಲುಗಾರ
ಒಳ್ಳೆಯ ಪ್ರಶ್ನೆ. ಸಿಎಸ್‌ಎಸ್‌ನಲ್ಲಿ ಕಾಲಮ್ ಮಾಡುವ ಸೌಕರ್ಯ ಎಷ್ಟೋ ವರ್ಷದಿಂದ ಇದೆ. ಯಾರೂ ಮುಟ್ಟುವುದಿಲ್ಲ. ಯಾಕೆಂದರೆ ಪತ್ರಿಕೆಯ ಹಾಳೆಗೆ ತಳ ಇದೆ, ವೆಬ್ ಪುಟಕ್ಕೆ ತಳ ಇಲ್ಲ. ಮೊದಲ ಕಾಲಮ್ ಓದುತ್ತಾ ಕೆಳಕ್ಕೆ ಉರುಳಿಸಿಕೊಂಡು ಹೋಗುತ್ತೀರಿ. ಅದು ಮುಗಿದ ಮೇಲೆ? ಎರಡನೇ ಕಾಲಮ್‌ನ ತಲೆ ಮೇಲಿದೆ. ಮತ್ತೆ ಪೂರ್ತಿ ಮೇಲಕ್ಕೆ ಹತ್ತಬೇಕು. ಮತ್ತೆ ಇಳಿಯಬೇಕು.

ಕಾಲಮ್‌ನ ಎತ್ತರವನ್ನು ಕಿಟಕಿಯ ಎತ್ತರಕ್ಕೆ ಕಟ್ಟಿ, ಪುಟವನ್ನು ಅಡ್ಡಕ್ಕೆ ಉರುಳಿಸುವ ಹಾಗೆ ಒಮ್ಮೆ ಮಾಡಿದ್ದೆ. ನನಗಂತೂ ಬಹಳ ಹೆಮ್ಮೆ. ಮಾಡಿಸಿದವರಿಗೆ ತೋರಿಸಿದೆ. ಅವರು ಮೌಸ್ ಚಕ್ರವನ್ನು ಮೂರು ಸಲ ಕೆಳಕ್ಕೆ ತಿರುಗಿಸಿದರು. ಪುಟ ಅಲ್ಲಾಡಲಿಲ್ಲ. "ಕೆಟ್ಟಿದೆ" ಅಂದರು. ಅಲ್ಲಿಗೆ ಆ ಕಥೆ ಮುಗಿಯಿತು.

ಒತ್ತಕ್ಷರ
ಉದ್ದ ಸಾಲು ಹೊಸದೇನಲ್ಲ, ತಾಳೆಗರಿ ನೋಡಿ! ಒಂದು ಮೊಳದುದ್ದಕ್ಕೆ ಒಂದೇ ಸಾಲು.

ಹಳೇಮೌಸ್
ಒಂದು ಗರಿಯಲ್ಲಿ ಇರುವುದೇ ಕೆಲವು ಸಾಲು. ಎಲ್ಲಿ ಅಂತ ದಾರಿ ತಪ್ಪುತ್ತೀರಿ? ಮೇಲಾಗಿ ಉದ್ದ ಗರಿಗಳಲ್ಲಿ ದಾರದ ತೂತಿನ ಅಕ್ಕಪಕ್ಕ ಜಾಗ ಬಿಟ್ಟು, ಸಾಲನ್ನು ಎರಡು ಮೂರು ತುಂಡು ಮಾಡಿ ಬರೆದದ್ದೂ ಇದೆ. ಅಂದರೆ ಅವರೂ ಮಾರ್ಜಿನ್ ಬಿಟ್ಟಿದ್ದರು.

ಒತ್ತಕ್ಷರ
ಸರಿ ಸರಿ. ಬಂದದ್ದು ಬೇರೆ ವಿಷಯಕ್ಕೆ. ಇಲ್ಲಿ ಎಲ್ಲರೂ ಇಂಗ್ಲಿಷ್ ಅಕ್ಷರದ ಲೆಕ್ಕ ಹೇಳುತ್ತಿದ್ದೀರಿ. ಕನ್ನಡಕ್ಕೆ ಅದು ಹೊಂದುವುದಿಲ್ಲ. ಸಿಎಸ್‌ಎಸ್‌ನಲ್ಲಿ "ಸಿಎಚ್" ಅಂತ ಒಂದು ಅಳತೆ ಇದೆ, ಅದು ಸೊನ್ನೆಯ ಅಗಲ. 65 ಸಿಎಚ್ ಅಂತ ಹಾಕಿದರೆ ಇಂಗ್ಲಿಷ್‌ಗೆ ಹೆಚ್ಚುಕಡಿಮೆ ಸರಿ ಬರುತ್ತದೆ. ನಮ್ಮ ಅಕ್ಷರಗಳು ಅದಕ್ಕಿಂತ ದುಂಡಗೆ, ಅಗಲ. ನನ್ನ ಪರದೆಯಲ್ಲಿ ಎಣಿಸಿದೆ, ಆ ಅಳತೆಗೆ ನಲವತ್ತರ ಆಸುಪಾಸು ಅಕ್ಷರ ಹಿಡಿದವು. ಮೇಲಿಂದ ನಮ್ಮ ಪದಗಳು ಗಾಡಿಗೆ ಗಾಡಿ ಕಟ್ಟಿದ ರೈಲು. "ಹೋಗಬೇಕಾಗಿರಲಿಲ್ಲವಾದ್ದರಿಂದ" ಅನ್ನುವ ಒಂದೇ ಪದ ಕಿರಿದಾದ ಕಾಲಮ್‌ನ ಅರ್ಧ ಸಾಲು ನುಂಗುತ್ತದೆ. ಎರಡೂ ಅಂಚು ಸಮ ಮಾಡಲು ಹೋದರೆ ಪದಗಳ ನಡುವೆ ಹಳ್ಳ ಬೀಳುತ್ತದೆ.

ಇನ್ನೊಂದು, ಸಾಲುಗಳ ನಡುವಿನ ಅಂತರ. ಇಂಗ್ಲಿಷ್‌ಗೆ ಅಕ್ಷರದ ಅಳತೆಯ ಒಂದೂವರೆ ಪಟ್ಟು ಸಾಕು. ಕನ್ನಡದಲ್ಲಿ "ರಾಷ್ಟ್ರ", "ಸ್ತ್ರೀ" ಬಂದಾಗ ಒತ್ತುಗಳು ಕೆಳಗಿಳಿದು ಮುಂದಿನ ಸಾಲಿನ ತಲೆಗೆ ತಾಗುತ್ತವೆ. ನಾನು 1.8 ಕೊಡುತ್ತೇನೆ. ಸಾಲು ಉದ್ದವಾದಷ್ಟೂ ಈ ಅಂತರ ಜಾಸ್ತಿ ಬೇಕು, ಇಲ್ಲದಿದ್ದರೆ ಕಣ್ಣಿಗೆ ದಾರಿ ಸಿಗುವುದಿಲ್ಲ. ಹಾಗಾಗಿ ಕನ್ನಡ ಪುಟಕ್ಕೆ ಕಾಲಮ್ ಒಂಚೂರು ಅಗಲವೇ ಇರಲಿ. ಇಂಗ್ಲಿಷ್‌ಗೆ ಕತ್ತರಿಸಿದ ಅಂಗಿಯನ್ನು ಹಾಗೇ ತೊಡಿಸಬೇಡಿ.

ಸಾಲುಗಾರ
ಇದನ್ನು ಬರೆದಿಟ್ಟುಕೊಂಡೆ. ನಿಜವಾಗಿ ನಾನು ಇಷ್ಟು ದಿನ ಅದೇ ಅಂಗಿ ತೊಡಿಸುತ್ತಿದ್ದೆ.

ಪಟ್ಟಿಪ್ರಿಯ
ಎಲ್ಲರೂ ಲೇಖನ ಲೇಖನ ಅನ್ನುತ್ತಿದ್ದೀರಿ. ನನ್ನ ಕಷ್ಟ ಕೇಳಿ. ಕೆಲಸಕ್ಕೆ ದಿನಾ ಒಂದು ಪುಟ ತೆರೆಯಬೇಕು. ಅದರಲ್ಲಿ ಇರುವುದು 14 ಕಾಲಮ್‌ನ ಒಂದು ಪಟ್ಟಿ, ಬೇರೇನೂ ಇಲ್ಲ. ಅದನ್ನು 700 ಪಿಕ್ಸೆಲ್ ಡಬ್ಬದಲ್ಲಿ ತುರುಕಿದ್ದಾರೆ. ಎಡಬಲ ಖಾಲಿ ಮೈದಾನ, ನಡುವೆ ಆ ಡಬ್ಬದೊಳಗೆ ಒಂದು ಪುಟಾಣಿ ಅಡ್ಡ ಉರುಳುಪಟ್ಟಿ. ಅದನ್ನು ಹಿಡಿದು ಎಳೆದರೆ 11ನೇ ಕಾಲಮ್ ಕಾಣುತ್ತದೆ, ಆದರೆ ಹೆಸರಿರುವ ಮೊದಲ ಕಾಲಮ್ ಮಾಯ! ಯಾರ ಅಂಕಿ ನೋಡುತ್ತಿದ್ದೇನೆ ಅಂತ ನನಗೇ ಗೊತ್ತಿರುವುದಿಲ್ಲ. ಒಮ್ಮೆ ಒಬ್ಬರ ಅಂಕಿಯನ್ನು ಇನ್ನೊಬ್ಬರ ಹೆಸರಿಗೆ ಬರೆದು ಬೈಸಿಕೊಂಡಿದ್ದೇನೆ. ಇದಕ್ಕೂ ಕಣ್ಣಿನ ನೆಗೆತದ ಕಥೆ ಹೇಳುತ್ತೀರಾ?

ಸಾಲುಗಾರ
ಇಲ್ಲ. ಅದು ಶುದ್ಧ ತಪ್ಪು, ಕೈ ಮುಗಿಯುತ್ತೇನೆ. ಸಾಲಿನ ಮಿತಿ ಓದುವ ಬರಹಕ್ಕೆ. ಪಟ್ಟಿ, ನಕ್ಷೆ, ಚಿತ್ರ, ಲೆಕ್ಕದ ಹಾಳೆ, ಇವಕ್ಕೆ ಸಿಕ್ಕಷ್ಟು ಅಗಲ ಬಿಡಬೇಕು. ಆಗುವುದೇನೆಂದರೆ, ಇಡೀ ಪುಟಕ್ಕೆ ಹೊರಗಿನಿಂದ ಒಂದೇ ಡಬ್ಬ ಹಾಕಿಬಿಡುತ್ತಾರೆ. ಒಳಗೆ ಬರಹ ಇರಲಿ ಪಟ್ಟಿ ಇರಲಿ, ಎಲ್ಲಕ್ಕೂ ಅದೇ. ಡಬ್ಬ ಹಾಕಬೇಕಾದ್ದು ಪ್ಯಾರಾಕ್ಕೆ, ಪುಟಕ್ಕಲ್ಲ.

ಮೊದಲ ಪೋಸ್ಟ್‌ನವರು ಸೋಮಾರಿತನ ಅಂದದ್ದು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಫೋನಿನ 360 ಪಿಕ್ಸೆಲ್‌ಗೆ ಮೊದಲು ಕಟ್ಟುತ್ತೇವೆ, ಆಮೇಲೆ ಟ್ಯಾಬ್ಲೆಟ್, ಆಮೇಲೆ ಲ್ಯಾಪ್‌ಟಾಪ್. ಅಷ್ಟರಲ್ಲಿ ಕೆಲಸ ಕೊಟ್ಟ ದಿನ ಮುಗಿದಿರುತ್ತದೆ. 3440ರಲ್ಲಿ ತೆರೆದು ನೋಡುವವರು ಯಾರು? ನನ್ನ ಬಳಿಯೇ ಅಷ್ಟಗಲದ ಪರದೆ ಇಲ್ಲ.

ಪಟ್ಟಿಪ್ರಿಯ
ಕೊನೆಗೂ ಒಬ್ಬರು ಒಪ್ಪಿಕೊಂಡರು. ಇವತ್ತು ನೆಮ್ಮದಿಯ ನಿದ್ದೆ.

ಗೂಬೆಕಣ್ಣು
ವಿಕಿಪೀಡಿಯ ಮರೆತಿರಾ? 2023ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯ ವೆಕ್ಟರ್ 2022 ಅನ್ನುವ ಹೊಸ ರೂಪಕ್ಕೆ ಬದಲಾಯಿತು. ಅಲ್ಲಿಯವರೆಗೆ ಕಿಟಕಿ ತುಂಬ ಹರಡುತ್ತಿದ್ದ ಬರಹ ಒಮ್ಮೆಗೇ ನಡುವಿಗೆ ಸರಿಯಿತು. ಸಂಪಾದಕರಲ್ಲೇ ಎಷ್ಟು ಗಲಾಟೆ ಆಯಿತು! ಇಷ್ಟು ವರ್ಷ ನಾವೆಲ್ಲ ಉದ್ದ ಸಾಲಿನಲ್ಲಿ ಓದಲಿಲ್ಲವಾ? ಯಾರೂ ಸಾಯಲಿಲ್ಲ.

ಕುತ್ತಿಗೆನೋವು
ಅಲ್ಲಿ ಅಗಲ ಬದಲಿಸಲು ಗುಂಡಿ ಇಟ್ಟಿದ್ದಾರಲ್ಲ. ಖಾತೆ ಇದ್ದವರು ಹಳೆ ರೂಪಕ್ಕೇ ಹೋಗಬಹುದು. ಎಲ್ಲರೂ ಹಾಗೆ ಒಂದು ಗುಂಡಿ ಇಟ್ಟರೆ ಈ ಚರ್ಚೆಯೇ ಇರುತ್ತಿರಲಿಲ್ಲ.

ಗೂಬೆಕಣ್ಣು
ಗುಂಡಿ ಇದೆ ಅಂತ ಗೊತ್ತಾಗುವಷ್ಟರಲ್ಲಿ ನಾನು ಅರ್ಧ ದಿನ ಬೈದಾಗಿತ್ತು.

ದಪ್ಪಕನ್ನಡಕ
ಯಾರೂ ಸಾಯಲಿಲ್ಲ ಅಂದಿರಿ. ನಿಜ. ಆದರೆ ಓದುವುದನ್ನು ಬಿಟ್ಟವರು ಇದ್ದಾರೆ.

ನನಗೆ ದೃಷ್ಟಿ ತುಂಬ ಕಡಿಮೆ. ಪರದೆಯ ಮೇಲೆ ಭೂತಗನ್ನಡಿಯ ಸಾಫ್ಟ್‌ವೇರ್ ಇಟ್ಟುಕೊಂಡು ಓದುತ್ತೇನೆ. ಕನ್ನಡಿಯೊಳಗೆ ಒಮ್ಮೆಗೆ ಕಾಣುವುದು ನಾಲ್ಕೈದು ಪದ. ಸಾಲಿನ ಉದ್ದಕ್ಕೂ ಅದನ್ನು ಎಳೆದುಕೊಂಡು ಹೋಗಬೇಕು. ಸಾಲು ಪರದೆಯ ಆ ತುದಿಯವರೆಗೆ ಇದ್ದರೆ, ಅಲ್ಲಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಯಾವ ಸಾಲಿನಲ್ಲಿದ್ದೆ ಅನ್ನುವುದೇ ಹೋಗಿರುತ್ತದೆ. ಬಿಳಿ ಅಂಚು ಕಂಡರೆ ನನಗೆ ಗೋಡೆ ಅನಿಸುವುದಿಲ್ಲ, ಹಿಡಿದುಕೊಳ್ಳುವ ಕಟಕಟೆ ಅನಿಸುತ್ತದೆ.

ಅಂಗವೈಕಲ್ಯ ಇರುವವರಿಗೂ ಪುಟ ಬಳಸಲು ಬರಲಿ ಅಂತ ವೆಬ್‌ಗೆ ಡಬ್ಲ್ಯೂಸಿಎಜಿ ಅನ್ನುವ ನಿಯಮಗಳಿವೆ. 2008ರ 2.0 ಆವೃತ್ತಿಯಲ್ಲೇ ಸಾಲಿಗೆ 80 ಅಕ್ಷರ ಮೀರದಂತೆ ಓದಲು ದಾರಿ ಇರಬೇಕು ಅಂತ ಬರೆದಿದ್ದಾರೆ. ಅದು ಎಎಎ ಅನ್ನುವ ಅತಿ ಬಿಗಿ ಮಟ್ಟದ್ದು, ಹಾಗಾಗಿ ಹೆಚ್ಚಿನವರು ತಲೆಕೆಡಿಸಿಕೊಳ್ಳುವುದಿಲ್ಲ. 2018ರ 2.1ರಲ್ಲಿ ಇನ್ನೊಂದು ಸೇರಿಸಿದರು. ಪುಟ 320 ಪಿಕ್ಸೆಲ್‌ಗೆ ಕಿರಿದಾದರೂ ಅಡ್ಡಕ್ಕೆ ಉರುಳಿಸದೆ ಓದಲು ಬರಬೇಕು. 1280 ಅಗಲದ ಪರದೆಯನ್ನು 400 ಪರ್ಸೆಂಟ್ ಜೂಮ್ ಮಾಡಿದರೆ ಸಿಗುವುದು ಅದೇ 320.

ಗೂಬೆಕಣ್ಣು
ನನ್ನ ಮಾತು ಹಗುರವಾಯಿತು. ಕ್ಷಮಿಸಿ.

ದಪ್ಪಕನ್ನಡಕ
ಅಯ್ಯೋ, ಜಗಳ ಮುಂದುವರಿಸಿ. ಚೆನ್ನಾಗಿದೆ ಓದಲಿಕ್ಕೆ. ಪ್ಯಾರಾ ಮಾತ್ರ ಚಿಕ್ಕದಿರಲಿ 🙂

ಸುಮ್ನೆಓದುಗ
ನನ್ನದು 4ಕೆ ಪರದೆ, 3840. ಅಂದರೆ ನನಗೆ ಇವರಿಗಿಂತ ಜಾಸ್ತಿ ಖಾಲಿ ಕಾಣಬೇಕು. ಕಾಣುವುದಿಲ್ಲ. ಯಾಕೆ?

ಹಳೇಮೌಸ್
ಸ್ಕೇಲಿಂಗ್ 200 ಪರ್ಸೆಂಟ್ ಇರಬೇಕು ನಿಮ್ಮದು. ಆಗ ಬ್ರೌಸರ್‌ಗೆ ನಿಮ್ಮ ಪರದೆ ಕಾಣುವುದು 1920 ಅಂತಲೇ. ಸಿಎಸ್‌ಎಸ್ ಹೇಳುವ ಪಿಕ್ಸೆಲ್ಲೇ ಬೇರೆ, ಗಾಜಿನ ಮೇಲಿನ ಚುಕ್ಕಿಯೇ ಬೇರೆ. ಹೆಸರೊಂದೇ, ಅಷ್ಟೆ.

ಸುಮ್ನೆಓದುಗ
ಹೌದು, 200. ಇಷ್ಟು ದಿನ 4ಕೆ ಅಂತ ಬೀಗುತ್ತಿದ್ದೆ.

ಅರ್ಧಕಿಟಕಿ
ಇಷ್ಟು ಹೊತ್ತು ಯಾರೂ ಕೇಳದ ಪ್ರಶ್ನೆ: ಕಿಟಕಿಯನ್ನು ಪರದೆ ತುಂಬ ಯಾಕೆ ಹಿಗ್ಗಿಸುತ್ತೀರಿ? ಊಟದ ಮೇಜು ದೊಡ್ಡದಿದೆ ಅಂತ ತಟ್ಟೆಯನ್ನೂ ಮೇಜಿನಷ್ಟೇ ಮಾಡುತ್ತೀರಾ? ವಿಂಡೋಸ್ ಬಟನ್ ಹಿಡಿದು ಎಡ ಇಲ್ಲವೇ ಬಲ ಬಾಣದ ಬಟನ್ ಒತ್ತಿದರೆ ಕಿಟಕಿ ಅರ್ಧಕ್ಕೆ ಕೂರುತ್ತದೆ. 2009ರ ವಿಂಡೋಸ್ 7ರಿಂದ ಇದೆ ಇದು. ಒಂದು ಕಡೆ ಓದುವುದು, ಇನ್ನೊಂದು ಕಡೆ ಬರೆಯುವುದು. ಅಗಲ ಪರದೆ ಇರುವುದೇ ಅದಕ್ಕೆ.

ಹಳೇಮೌಸ್
ಹಳೆ ಮ್ಯಾಕ್‌ಗಳಲ್ಲಿ ಹಸಿರು ಗುಂಡಿ ಒತ್ತಿದರೆ ಕಿಟಕಿ ಒಳಗಿನ ಬರಹಕ್ಕೆ ಬೇಕಾದಷ್ಟೇ ಅಗಲವಾಗುತ್ತಿತ್ತು. ಪರದೆ ತುಂಬುತ್ತಿರಲಿಲ್ಲ. ವಿಂಡೋಸ್‌ನಿಂದ ಬಂದವರೆಲ್ಲ "ಈ ಗುಂಡಿ ಕೆಟ್ಟಿದೆ" ಅನ್ನುತ್ತಿದ್ದರು. 2014ರ ಯೊಸೆಮಿಟಿ ಆವೃತ್ತಿಯಲ್ಲಿ ಅದೂ ಪೂರ್ತಿ ಪರದೆ ತುಂಬುವ ಗುಂಡಿಯಾಯಿತು. ಒಳ್ಳೆಯದೊಂದು ಹೋಯಿತು.

ಗೂಬೆಕಣ್ಣು
ಮ್ಯಾಕ್ ವಿಂಡೋಸ್ ಜಗಳ ಶುರು ಮಾಡಬೇಡಿ ಪ್ಲೀಸ್.

ಹಳೇಮೌಸ್
ಶುರು ಮಾಡಿಲ್ಲ. ನಿಟ್ಟುಸಿರು ಬಿಟ್ಟೆ.

ಕುತ್ತಿಗೆನೋವು
ಇನ್ನೊಂದು ಸುಲಭ ದಾರಿ: ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿ 150 ಪರ್ಸೆಂಟ್ ಮಾಡಿ, ಕುರ್ಚಿಯನ್ನು ಒಂದಡಿ ಹಿಂದಕ್ಕೆ ತಳ್ಳಿ. ಅಕ್ಷರದ ಜೊತೆ ಕಾಲಮ್ಮೂ ಹಿಗ್ಗುತ್ತದೆ, ಸಾಲಿನ ಅಕ್ಷರ ಅಷ್ಟೇ ಇರುತ್ತದೆ. ಕುತ್ತಿಗೆಗೂ ಒಳ್ಳೆಯದು.

ಅಗಲಪರದೆ
ಎಲ್ಲ ಮಾಡಿ ನೋಡಿದೆ. ಎಫ್12 ಪ್ರಯೋಗವನ್ನೂ ಮಾಡಿದೆ. ನಾಲ್ಕನೇ ಪ್ಯಾರಾದಲ್ಲಿ ಸಾಲು ತಪ್ಪಿತು. ಸ್ಕೇಲು ಹುಡುಕಲು ಹೋಗಲಿಲ್ಲ, ಸೋಲು ಒಪ್ಪಿಕೊಂಡೆ.

ಈಗ ಪರದೆಯನ್ನು ಮೂರು ಪಾಲು ಮಾಡಿದ್ದೇನೆ. ನಡುವೆ ಬ್ರೌಸರ್, ಎಡಕ್ಕೆ ಟಿಪ್ಪಣಿ, ಬಲಕ್ಕೆ ಹಾಡು. ಖಾಲಿ ಜಾಗ ಮಾಯ. ಆದರೆ ಹೊಸ ತಲೆನೋವು. ನಡುವಿನ ಪಾಲು 1146 ಪಿಕ್ಸೆಲ್ ಇದೆ. ಒಂದು ಪುಟ ನನ್ನನ್ನು ಟ್ಯಾಬ್ಲೆಟ್ ಅಂದುಕೊಂಡು, ಇದ್ದ ಮೆನುವನ್ನೆಲ್ಲ ಮೂರು ಗೆರೆಯ ಗುಂಡಿಯೊಳಗೆ ಬಚ್ಚಿಟ್ಟಿದೆ.

ಸಾಲುಗಾರ
1200ಕ್ಕೆ ಗೆರೆ ಎಳೆದಿರುತ್ತಾರೆ, ಅದಕ್ಕಿಂತ ಕಿರಿದಾದರೆ ಟ್ಯಾಬ್ಲೆಟ್ ಅಂತ ಲೆಕ್ಕ. ಇನ್ನೊಂದು 60 ಪಿಕ್ಸೆಲ್ ಅಗಲ ಮಾಡಿ ನೋಡಿ.

ಅಗಲಪರದೆ
ಎಳೆದೆ. ಮೆನು ಬಂತು. ಅದರ ಜೊತೆಗೇ ಎರಡೂ ಬದಿ ಒಂದಿಷ್ಟು ಖಾಲಿಯೂ ಬಂತು.